ಕುದುರೆಗೆ ಗಜಕರ್ಣ

ರಿಟೈರ್ಡ್ ರೈಲ್ವೆ ಗಾರ್ಡು ಕುರ್ಚಿಯಿಂದ ದಡಕ್ಕನೆ ಎದ್ದು, ಕುತ್ತಿಗೆಗೆ ಕಟ್ಟಿದ್ದ ಬಿಳಿ ಬಟ್ಟೆಯನ್ನೂ ಬಿಚ್ಚದೆ, ಎಡಗೆನ್ನೆಯ ನೊರೆಯನ್ನು ಹಾಗೇ ಹೊತ್ತುಕೊಂಡು ಬೀದಿಗಿಳಿದಾಗ ಬೆಳಿಗ್ಗೆ ಒಂಬತ್ತೂಕಾಲು. ಕತ್ತಿ ಹಿಡಿದ ಕ್ಷೌರದಂಗಡಿಯವನ ಕೈ ಇನ್ನೂ ಗಾಳಿಯಲ್ಲೇ ಇತ್ತು, ಅಲ್ಲಿಲ್ಲದ ಕೆನ್ನೆಯನ್ನು ಬೋಳಿಸುವುದಕ್ಕೆ ಕಾದಿರುವಂತೆ. ಆದದ್ದು ಇಷ್ಟೆ. ಗಲ್ಲದ ಕೆಳಗೆ ಕತ್ತಿ ಆಡಿಸುವಾಗ ಅವನ ತುಂಬುತೋಳಿನ ಅಂಗಿಯ ಗುಂಡಿ ಕಳಚಿ, ತೋಳು ಮೊಣಕೈವರೆಗೆ ಜಾರಿತ್ತು. ಕನ್ನಡಿಯಲ್ಲಿ ಗಾರ್ಡಿನ ಕಣ್ಣು ಅಲ್ಲಿಗೆ ಹೋಗಿ ನಿಂತಿತು. "ಏನಯ್ಯ ಅದು ಕೈಮೇಲೆ?" "ಸುಟ್ಟಿದ್ದು ಸಾರ್, ಬಿಸಿನೀರು." "ಬಿಸಿನೀರು ಬಳೆ ಥರಾ ದುಂಡಗೆ ಸುಡುತ್ತೇನಯ್ಯ? ಗಜಕರ್ಣ ಕಣಯ್ಯ ಅದು! ಆ ಕೈಯಲ್ಲಿ ನನ್ನ ಮುಖ ಸವರ್ತಿದೀಯಾ?" ಅಷ್ಟೇ. ಇಪ್ಪತ್ತಾರು ವರ್ಷ ಅದೇ ಕುರ್ಚಿಯಲ್ಲಿ ಕೂತ ಮನುಷ್ಯ ಅರ್ಧ ಗಡ್ಡದಲ್ಲಿ ಎದ್ದು ಹೋದ. ಎದುರಿನ ಬೇಕರಿಯವನು ಬಾಗಿಲಿಗೆ ಬಂದು ನೋಡಿದ. ಕತ್ತಿ ಹಿಡಿದವನ ಕಿವಿಯ ತುದಿಗಳು ಕಾದವು. ಭೂಮಿ ಬಾಯಿಬಿಡಬಾರದೇ ಅನ್ನಿಸಿದ್ದೂ ನಿಜ. ಆದರೆ ಅದೆಲ್ಲದರ ತಳದಿಂದ, ಸೋಡಾ ಬಾಟಲಿಯ ಗುಳ್ಳೆಗಳ ಹಾಗೆ, ಇನ್ನೇನೋ ಮೇಲೇಳುತ್ತಿತ್ತು. ಅವನು ಕತ್ತಿಯನ್ನು ಬೇಸಿನ್ನಿನಲ್ಲಿಟ್ಟು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಮುಸುಮುಸು ನಕ್ಕ. ಐವತ್ತು ದಾಟಿದವನು, ಸೋಮವಾರ ಬೆಳಿಗ್ಗೆ, ಮಾನ ಹೋದ ಕೂಡಲೆ ಹೀಗೆ ನಗುವುದೆ? ಈಗ ಅಂಗಡಿ ಮುಚ್ಚಬಹುದು, ಈಗಲೇ ಲಾಯಕ್ಕೆ ಹೋಗಬಹುದು ಎಂಬ ಯೋಚನೆ ಬಂದದ್ದರಿಂದ ಆ ನಗು ಎಂದು ಗೊತ್ತಾದಾಗ ಅವನಿಗೆ ತನ್ನ ಬಗ್ಗೆಯೇ ಸ್ವಲ್ಪ ಹೆದರಿಕೆಯಾಯಿತು. ಶೆಟರ್ ಎಳೆದ.

ಲಾಯವೆಂದರೆ ಊರಂಚಿನ ಕುದುರೆ ಸವಾರಿ ಶಾಲೆ. ತಗಡಿನ ಮಾಡು, ಮೂರು ಕುದುರೆ, ಒಂದು ಬೇಲಿ ಹಾಕಿದ ಬಯಲು. ನಡೆಸುವವಳು ಅರವತ್ತೈದರ ಹೆಂಗಸು. ಯಾವ ಸೈನ್ಯದಲ್ಲೂ ಇದ್ದವಳಲ್ಲ, ಆದರೂ ನಡಿಗೆಗೂ ದನಿಗೂ ಎಲ್ಲರೂ ಮೇಜರಮ್ಮ ಎನ್ನುತ್ತಾರೆ. ಬಿಳಿ ಕುದುರೆಗೆ ಹೆಡ್‌ಮಾಸ್ಟರ್ ಎಂದು ಹೆಸರು, ಯಾರನ್ನೇ ನೋಡಿದರೂ ಮೊದಲು ಪಾದದಿಂದ ತಲೆಯವರೆಗೆ ಒಂದು ಸಲ ಅಳೆಯುವುದರಿಂದ. ಐದು ತಿಂಗಳ ಹಿಂದೆ ಶಾಲೆಯ ವಾರ್ಷಿಕ ಪ್ರದರ್ಶನಕ್ಕೆ ಕುದುರೆಗಳ ಉದ್ದ ಕೂದಲು ಕತ್ತರಿಸಿ ಚಂದ ಮಾಡಬೇಕೆಂದು ಅವನನ್ನು ಕರೆಸಿದ್ದರು. ಮನುಷ್ಯರ ಮಷೀನು ತರಲಾದೀತೆ, ಅಂಗಡಿ ಶುರುವಾದಾಗ ಮಾವ ಕೊಟ್ಟಿದ್ದ ಹಳೆಯ ಮಷೀನನ್ನು ಅಟ್ಟದಿಂದ ಇಳಿಸಿದ. ಇಟ್ಟಿಗೆಯಷ್ಟು ಭಾರ, ಚಾಲೂ ಮಾಡಿದರೆ ಜೀರುಂಡೆಯ ಸದ್ದು. ಹೆಡ್‌ಮಾಸ್ಟರನ ಕುತ್ತಿಗೆಯ ಜೂಲನ್ನು ಎತ್ತಿದಾಗ ಅಡಿಯಲ್ಲಿ ಒಂದು ಮಚ್ಚೆ ಕಂಡಿತು. ಹೆಬ್ಬೆರಳಿನ ಉಗುರಿನಷ್ಟು, ದುಂಡಗೆ, ಬೂದಿ ಉದುರುವ ಹಾಗೆ ಹೊಟ್ಟು. ಇಪ್ಪತ್ತಾರು ವರ್ಷ ತಲೆಗಳನ್ನು ನೋಡಿದವನಿಗೆ ಅದೇನೆಂದು ಗೊತ್ತಾಗಲು ಒಂದು ಉಸಿರಿನಷ್ಟು ಹೊತ್ತೂ ಬೇಡ. ಮನುಷ್ಯರ ತಲೆಯಾಗಿದ್ದರೆ ಮಷೀನು ಆರಿಸಿ, "ಮೊದಲು ಡಾಕ್ಟರಿಗೆ ತೋರಿಸಿ ಬಾಪ್ಪ" ಎಂದು ಕಳಿಸುತ್ತಿದ್ದ. ಆದರೆ ಅಂದು ಹೊರಗೆ ಜನ ಸೇರುತ್ತಿದ್ದರು, ಮೇಜರಮ್ಮ "ಆಯ್ತಾ, ಆಯ್ತಾ" ಎಂದು ಕೂಗುತ್ತಿದ್ದಳು, ಕುದುರೆ ಬಿಸಿಬಿಸಿಯಾಗಿ ಅವನ ಭುಜಕ್ಕೆ ಒರಗಿತ್ತು. ಅವನು ಜೂಲನ್ನು ಮತ್ತೆ ಮುಚ್ಚಿದ. ಅದೇ ಮಷೀನನ್ನು ಕುತ್ತಿಗೆಯಿಂದ ಬೆನ್ನಿಗೆ, ಬೆನ್ನಿನಿಂದ ತೊಡೆಗೆ, ನೀಟಾಗಿ, ಸಾಲುಸಾಲಾಗಿ ಓಡಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೂರು ವಾರ ಕಳೆಯುವುದರೊಳಗೆ ಹೆಡ್‌ಮಾಸ್ಟರನ ಮೈಮೇಲೆ, ಅವನ ಮಷೀನು ಓಡಿದ ಸಾಲುಗಳ ಮೇಲೇ, ಬೀಜ ಬಿತ್ತಿದಂತೆ ಉಂಗುರಗಳು ಎದ್ದವು.

ಯಾರೂ ಅವನ ಮೇಲೆ ಗುಮಾನಿ ಪಡಲಿಲ್ಲ. ಹುಲ್ಲಿನ ದೋಷ ಎಂದರು, ಥಂಡಿ ಎಂದರು. "ಕುದುರೆಗೆ ಗಜಕರ್ಣವಂತೆ!" ಎಂದು ಬೇಕರಿಯವನು ಅಂಗಡಿಗೆ ಬಂದವರಿಗೆಲ್ಲ ಹೇಳಿ ನಗಿಸಿದ, "ಆನೆ ಕಿವಿ ಆನೆಗಿರಬೇಕು, ಕುದುರೆಗೆ ಯಾಕೆ ಬಂತು?" ಅವನೂ ನಕ್ಕ. ಮರುದಿನ ಬೆಳಿಗ್ಗೆ ಆರಕ್ಕೆ ಲಾಯದ ಬಾಗಿಲಿನಲ್ಲಿ ನಿಂತು, ಅಂಗಡಿ ತೆರೆಯುವ ಮೊದಲು ಬಂದು ಔಷಧಿ ಹಚ್ಚಿಕೊಡುತ್ತೇನೆ ಎಂದ. ಮೇಜರಮ್ಮ ಅವನ ಭುಜ ತಟ್ಟಿದಳು. "ನಿನ್ನಂಥೋರು ಇರೋದ್ರಿಂದ್ಲೇ ಪ್ರಪಂಚ ನಿಂತಿದೆ ಕಣಪ್ಪಾ, ಪುಣ್ಯಾತ್ಮ" ಅಂದಳು. ಆ ಮಾತು ಬೆನ್ನ ಮೇಲೆ ಬಿದ್ದ ಏಟಿನಂತೆ ಇಡೀ ದಿನ ಉರಿಯಿತು. ಪಶುವೈದ್ಯೆ, ಮೊನ್ನೆಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿ, ಮುಲಾಮು ಕೊಟ್ಟು, ಔಷಧಿ ಚರ್ಮಕ್ಕೆ ತಗಲಬೇಕಾದರೆ ಉಂಗುರದ ಸುತ್ತ ಕೂದಲು ಸಣ್ಣಗೆ ಕತ್ತರಿಸಬೇಕು, ಪ್ರತಿ ಸಲ ಮಷೀನು ಪೂರ್ತಿ ಶುದ್ಧ ಮಾಡಬೇಕು ಎಂದಳು. ಮಾಡುತ್ತೇನೆ ಎಂದ. ಮಾಡಿದ ಕೂಡ: ಊದಿದ, ಬ್ರಷ್ಷಿನಿಂದ ತಿಕ್ಕಿದ, ಸ್ಪಿರಿಟ್ ಸವರಿದ, ಒಂದು ತೊಟ್ಟು ಎಣ್ಣೆ ಬಿಟ್ಟ. ಪ್ರತಿ ಭಾನುವಾರ ಕತ್ತರಿಸಿದ. ಪ್ರತಿ ಗುರುವಾರಕ್ಕೆ ಹೊಸ ಉಂಗುರ ಎದ್ದಿತು.

ಇಷ್ಟರಲ್ಲಿ, ಯಾರಿಗೂ ಹೇಳಲಾಗದ ಒಂದು ಸಂಗತಿ ನಡೆದುಹೋಗಿತ್ತು. ಅವನು ಸುಖವಾಗಿದ್ದ. ಎಂಥ ಸುಖವೆಂದರೆ ಬೆಳಿಗ್ಗೆ ಐದಕ್ಕೆ ಕಣ್ಣು ಬಿಟ್ಟಾಗ ಎದೆಯೊಳಗೆ ಯಾರೋ ಗಾಳಿಪಟದ ದಾರ ಎಳೆದ ಹಾಗಾಗುತ್ತಿತ್ತು. ಸೈಕಲ್ಲು ತುಳಿಯುತ್ತ ಶಿಳ್ಳೆ ಹಾಕುತ್ತಿದ್ದ. ಲಾಯದ ಬಾಗಿಲು ಕಿರ್ ಎಂದ ಕೂಡಲೆ ಕತ್ತಲೊಳಗಿಂದ ಹೆಡ್‌ಮಾಸ್ಟರು ಮೂಗಿನಲ್ಲೇ ಗುರುಗುಟ್ಟುತ್ತಿದ್ದ. ಉಳಿದ ಎರಡು ಕುದುರೆಗಳಿಂದ ಅವನನ್ನು ಬೇರೆ ಮಾಡಿ, ಮೂಲೆಯ ಕೋಣೆಯಲ್ಲಿ ಒಂಟಿಯಾಗಿ ಕಟ್ಟಿದ್ದರು. ಸವಾರಿ ಕಲಿಯುವ ಮಕ್ಕಳ ತಾಯಂದಿರು ಆ ಕಡೆ ಹಾಯುವಾಗ ಸೆರಗು ಮೂಗಿಗೆ ಹಿಡಿಯುತ್ತಿದ್ದರು. ಇವನೊಬ್ಬನೇ ಮುಟ್ಟುವವನು. ಮುಲಾಮು ಸವರುವಾಗ ಆ ದೊಡ್ಡ ಮೈಯ ಚರ್ಮ ಕೆರೆಯ ನೀರಿನಂತೆ ಅಲೆಯಲೆಯಾಗಿ ಕಂಪಿಸುತ್ತಿತ್ತು, ಆಮೇಲೆ ಕುದುರೆ ತನ್ನ ಇಡೀ ಭಾರವನ್ನು ಮೆಲ್ಲಗೆ ಅವನ ಮೇಲೆ ಬಿಡುತ್ತಿತ್ತು. ಇಷ್ಟು ವರ್ಷ ಎಷ್ಟು ಸಾವಿರ ತಲೆ ಮುಟ್ಟಿದ್ದಾನೋ. ಒಂದು ತಲೆಯೂ ಹೀಗೆ ಒರಗಿರಲಿಲ್ಲ. ಎಲ್ಲರೂ ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡು ಎದ್ದು ಹೋದವರೇ. ಮುಂಗೈ ಮೇಲೆ ಮೊದಲ ಉಂಗುರ ಎದ್ದ ದಿನ ಅವನು ಬಚ್ಚಲಲ್ಲಿ ನಿಂತು ಅದನ್ನು ತಿರುತಿರುಗಿಸಿ ನೋಡಿದ್ದ. ಮದುವೆಯಲ್ಲಿ ಬೆರಳಿಗೆ ಉಂಗುರ ಹಾಕಿಸಿಕೊಂಡಾಗಲೂ ಇಷ್ಟು ನಾಚಿಕೊಂಡಿರಲಿಲ್ಲ. ಛೆ, ಎಂಥ ಮನುಷ್ಯ ನಾನು, ಒಂದು ಮೂಕ ಪ್ರಾಣಿಗೆ ರೋಗ ಹಚ್ಚಿ ಅದರ ಸ್ನೇಹ ಸಂಪಾದಿಸಿದೆ. ಅದು ವಾಸಿಯಾದರೆ ಬೆಳಿಗ್ಗೆ ಆರಕ್ಕೆ ಇಲ್ಲಿಗೆ ಬರಲು ನನಗೆ ಏನು ನೆಪ? ಈ ಪ್ರಶ್ನೆ ಬಂದಾಗಲೆಲ್ಲ ಅವನು ಬಕೆಟ್ಟು ಎತ್ತಿಕೊಂಡು ನಲ್ಲಿಯ ಕಡೆ ಓಡುತ್ತಿದ್ದ.

ಈ ಸೋಮವಾರ ಶೆಟರ್ ಎಳೆದು ಅವನು ಮತ್ತೆ ಲಾಯ ಸೇರಿದಾಗ ಪಶುವೈದ್ಯೆಯ ಸ್ಕೂಟರ್ ನಿಂತಿತ್ತು. ಹೆಡ್‌ಮಾಸ್ಟರನ ಪಕ್ಕೆಯ ಬಳಿ ಮಂಡಿಯೂರಿ ಕೂತಿದ್ದ ಹುಡುಗಿ ತಲೆಯೆತ್ತಲಿಲ್ಲ. ಮೇಜರಮ್ಮ ಕಂಬಕ್ಕೆ ಒರಗಿ ನಿಂತಿದ್ದಳು; ಅವಳು ಯಾವುದಕ್ಕಾದರೂ ಒರಗಿದ್ದನ್ನು ಅವನು ನೋಡಿದ್ದೇ ಇಲ್ಲ.

"ಬಾಪ್ಪ," ಅಂದಳು. "ಶಾಲೆ ಕಮಿಟಿಯವರು ಕಾಗದ ಕಳಿಸಿದಾರೆ. ಇನ್ನೆರಡು ತಿಂಗಳಲ್ಲಿ ವಾಸಿಯಾಗದಿದ್ರೆ ಇವನನ್ನ ಕಳಿಸಿಬಿಡ್ಬೇಕಂತೆ."

"ಎಲ್ಲಿಗೆ?"

"ಹಳೇ ಕುದುರೆ ತಗೊಳ್ಳೋರು ಇದಾರಲ್ಲ, ಅವರಿಗೆ."

ಅಲ್ಲಿಗೆ ಹೋದ ಕುದುರೆ ಜೀವಂತ ತಿರುಗಿ ಬಂದದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಹೆಡ್‌ಮಾಸ್ಟರು ಮಾತ್ರ ಹುಲ್ಲು ಜಗಿಯುತ್ತ ಮೂವರನ್ನೂ ಒಬ್ಬೊಬ್ಬರಾಗಿ ಅಳೆದು ನೋಡಿದ.

"ನಂಗೆ ಅರ್ಥವಾಗ್ದೇ ಇರೋದು ಇದು ಅಣ್ಣಾ," ಪಶುವೈದ್ಯೆ ಎದ್ದು ಕೈಗವಸು ಕಳಚಿದಳು. "ಹಳೇ ಉಂಗುರ ಒಣಗ್ತಾ ಇದೆ. ಔಷಧಿ ಕೆಲಸ ಮಾಡ್ತಿದೆ. ಆದ್ರೆ ಪ್ರತಿ ವಾರ ಹೊಸದು ಬರುತ್ತೆ. ಯಾರೋ ಕೂತ್ಕೊಂಡು ಮತ್ತೆ ಮತ್ತೆ ನೆಡ್ತಾ ಇರೋ ಹಾಗೆ."

ಅವನ ಚೀಲದೊಳಗೆ ಮಷೀನು ಇತ್ತು. ಅದರ ಭಾರ ಭುಜವನ್ನು ಎಳೆಯಿತು. ನಿನ್ನೆ ಭಾನುವಾರ ಎಡಪಕ್ಕೆಯಲ್ಲಿ ಕತ್ತರಿಸಿದ್ದ. ಹೊಸ ಉಂಗುರಗಳೂ ಎಡಪಕ್ಕೆಯಲ್ಲೇ ಏಳುತ್ತವೆ ಎಂದು ಅವನಿಗೆ ಆಗಲೇ ಗೊತ್ತಾಗಿಹೋಯಿತು. ಗೊತ್ತಾಗಿದ್ದು ಈಗಲೋ, ಅಥವಾ ಬಹಳ ಹಿಂದೆಯೇ ಗೊತ್ತಿದ್ದುದನ್ನು ಈಗ ತಿರುಗಿ ನೋಡಿದನೋ? ಏನೋ ಗೊಣಗಿ, ಸೈಕಲ್ಲು ಹತ್ತಿ, ಮನೆಗೆ ಬಂದುಬಿಟ್ಟ.

ಹೆಂಡತಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಎರಡಕ್ಕೆ ಬರುವವಳು. ಬಂದವಳು ನೋಡಿದ್ದು: ಅಂಗಡಿಯಲ್ಲಿರಬೇಕಾದ ಗಂಡ ಅಡುಗೆಮನೆಯ ನೆಲದ ಮೇಲೆ, ಮುಂದೆ ಹಾಸಿದ ಹಳೇ ಪೇಪರ್, ಅದರ ಮೇಲೆ ತನ್ನ ಅಪ್ಪನ ಮಷೀನು. ಅವನು ತಿರುಪನ್ನು ದಿಟ್ಟಿಸುತ್ತ ಕೂತಿದ್ದ, ಮುಟ್ಟಿರಲಿಲ್ಲ.

"ಏನ್ರೀ, ಅಂಗಡಿ?"

ಅವನು ತೋಳು ಮೇಲೆತ್ತಿ ತೋರಿಸಿದ. ಅವಳು ಗಾಬರಿಯಾಗಲಿಲ್ಲ. "ಇದು ನಂಗೆ ಹದಿನೈದು ದಿನದಿಂದ ಗೊತ್ತು. ನಿಮ್ಮ ಟವೆಲ್ಲು, ಅಂಗಿ ಎಲ್ಲಾ ಬೇರೆ ಕುದಿಸ್ತಾ ಇದೀನಿ. ನೀವಾಗೇ ಹೇಳ್ತೀರೇನೋ ಅಂತ ಕಾಯ್ತಿದ್ದೆ." ಆಮೇಲೆ ಮಷೀನಿನ ಕಡೆ ನೋಡಿದಳು. "ಇದನ್ನ ಬಿಚ್ಚಿ ತೊಳೆದಿದೀರಾ?"

"ಸ್ಪಿರಿಟ್ ಹಾಕ್ತೀನಿ."

"ಬಿಚ್ಚಿದೀರಾ ಅಂದೆ."

ಅವನು ಮಷೀನನ್ನು ಅವಳ ಕಡೆ ಸರಿಸಿದ. ಅವಳು ಆಸ್ಪತ್ರೆಯ ಕೈಗವಸು ಹಾಕಿಕೊಂಡು ತರಕಾರಿ ಹೆಚ್ಚುವ ಚಾಕುವಿನ ತುದಿಯನ್ನು ತಿರುಪಿಗೆ ಕೊಟ್ಟು ತಿರುಗಿಸಿದಳು. ತುಕ್ಕು ಹಿಡಿದ ತಿರುಪು ಎರಡು ಸಲ ಜಾರಿತು, ಮೂರನೇ ಸಲ ಕಿರುಗುಟ್ಟಿ ಸಡಿಲವಾಯಿತು. ಬ್ಲೇಡು ಎದ್ದು ಬಂತು. ಅದರ ಬೆನ್ನಿಗೆ, ಎಣ್ಣೆ, ಹೊಟ್ಟು, ಕೂದಲು ಎಲ್ಲ ಒತ್ತಿ ಒತ್ತಿ, ಕಂಬಳಿಯ ತುಂಡಿನ ಹಾಗೆ ದಪ್ಪವಾಗಿ ಹೆಪ್ಪುಗಟ್ಟಿತ್ತು. ಬಿಳಿ ಕೂದಲು. ಐದು ತಿಂಗಳ ಹೆಡ್‌ಮಾಸ್ಟರು. ಅವನು ಆಗ ಎಲ್ಲವನ್ನೂ ಹೇಳಿದ, ಜೂಲಿನ ಅಡಿಯ ಮಚ್ಚೆ, ಮುಚ್ಚಿದ್ದು, ಚಪ್ಪಾಳೆ. ಹೇಳುತ್ತ ಹೇಳುತ್ತ ಇನ್ನೂ ಒಂದು ಮಾತು ಬಾಯಿಗೆ ಬಂತು, ತಡೆಯಲಾಗಲಿಲ್ಲ: "ಬಿಚ್ಚೋಕೆ ಮರೆತೆನೋ, ಬಿಚ್ಚಬಾರದು ಅಂತಾನೇ ಬಿಡ್ತಿದ್ನೋ, ನಂಗೇ ಗೊತ್ತಾಗ್ತಿಲ್ಲ ಕಣೇ. ಅದು ವಾಸಿಯಾದ್ರೆ ನನ್ನನ್ನ ಯಾರು ಕರೀತಾರೆ ಅಲ್ಲಿಗೆ?"

ಅವಳು ಅವನ ಮುಖ ನೋಡಿದಳು. ಬೈಯುತ್ತಾಳೆ ಎಂದುಕೊಂಡ. ಅವಳ ತುಟಿಯ ಅಂಚು ನಡುಗಿತು, ಅಳುತ್ತಾಳೆ ಎಂದುಕೊಂಡ. ಅವಳು ಪಕ್ಕನೆ ನಕ್ಕುಬಿಟ್ಟಳು. "ಈ ವಯಸ್ಸಿಗೆ ನಂಗೆ ಕುದುರೆ ಸವತಿಯಾಗಿ ಬಂತಲ್ಲಪ್ಪಾ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನಿಗೂ ನಗು ಹತ್ತಿತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದ ಮೇಲೆ ಅವಳು ಎದ್ದು, ಆ ಕೂದಲಿನ ಗಂಟನ್ನು ಪೇಪರಿನಲ್ಲಿ ಕಟ್ಟಿ, ಅದರ ಮೇಲೊಂದು ಪ್ಲಾಸ್ಟಿಕ್ ಚೀಲ ಸುತ್ತಿ, "ಏಳಿ" ಅಂದಳು. "ಎಲ್ಲಿಗೆ?" "ಎಲ್ಲಿಗೆ ಅಂತ ಬೇರೆ ಕೇಳ್ತೀರಲ್ಲ."

ಮೇಜರಮ್ಮ ಪೊಟ್ಟಣವನ್ನು ನೋಡಿದಳು, ಅವನ ಮಾತನ್ನು ಕೊನೆಯವರೆಗೆ ಕೇಳಿದಳು. ಆಮೇಲೆ ಶುರುವಾಯಿತು. ಇಡೀ ಬಯಲಿಗೆ ಕೇಳುವ ಹಾಗೆ ಕೂಗಿದಳು. ದ್ರೋಹಿ ಎಂದಳು, ಪುಣ್ಯಾತ್ಮ ಅಂತ ಕರೆದ ತನ್ನ ನಾಲಿಗೆ ಸುಡಬೇಕು ಎಂದಳು, ನಾಳೆಯಿಂದ ಈ ಕಡೆ ತಲೆ ಹಾಕಿದರೆ ಕಾಲು ಮುರಿಯುತ್ತೇನೆ ಎಂದಳು. ಅವನು ತಲೆ ತಗ್ಗಿಸಿ ನಿಂತಿದ್ದ. ವಿಚಿತ್ರವೆಂದರೆ ಒಂದೊಂದು ಬೈಗುಳಕ್ಕೂ ಅವನ ಮೈ ಒಂದೊಂದು ಸೇರು ಹಗುರವಾಗುತ್ತಿತ್ತು. ಇನ್ನೂ ನಾಲ್ಕು ಮಾತು ಬಿದ್ದರೆ ನೆಲ ಬಿಟ್ಟು ಏಳುತ್ತೇನೆ ಅನ್ನಿಸಿತು. ಮೇಜರಮ್ಮ ಉಸಿರು ತೆಗೆದುಕೊಳ್ಳಲು ನಿಂತ ಸಂದಿಯಲ್ಲಿ ಹೆಂಡತಿ, ಲಾಯದ ಗೋಡೆಯ ಮೊಳೆಯತ್ತ ಕೈ ತೋರಿಸಿ, ಬಹಳ ಮೆತ್ತಗೆ ಕೇಳಿದಳು: "ಅಮ್ಮಾ, ಅಲ್ಲಿ ನೇತಾಕಿರೋದು ಒಂದೇ ಬ್ರಷ್ಷು. ಮೂರು ಕುದುರೆಗೂ ಅದೇನಾ?"

ಮೇಜರಮ್ಮನ ಕೆನ್ನೆ ಕೆಂಪಾಯಿತು.

"ಮತ್ತೆ ಈ ಕಂಬಳಿ? ಬಿಸಿಲು ಕಂಡು ಎಷ್ಟು ತಿಂಗಳಾಯ್ತು? ಜೀನಿನ ಕೆಳಗೆ ಹಾಕೋ ಬಟ್ಟೆ? ಕಾಲು ಮುರಿಯೋದು ಆಮೇಲೆ ಮುರೀರಿ. ಮೊದಲು ದೊಡ್ಡ ಹಂಡೆ ಎಲ್ಲಿದೆ ಹೇಳಿ."

ಮರುದಿನದಿಂದ ಲಾಯದ ಅಧಿಕಾರ ಹೆಂಡತಿಯ ಕೈಗೆ ಹೋಯಿತು. ಪಾಳಿ ಮುಗಿಸಿ ನೇರ ಇಲ್ಲಿಗೇ ಬರುತ್ತಿದ್ದಳು. ಬ್ರಷ್ಷನ್ನು ಸುಟ್ಟಳು. ಕಂಬಳಿ, ಬಟ್ಟೆ, ಹಗ್ಗ ಎಲ್ಲ ಹಂಡೆಯಲ್ಲಿ ಕುದಿದು ಬೇಲಿಯ ಮೇಲೆ ಒಣಗಿದವು. ಗೋಡೆ, ಕಂಬ, ಬಾಗಿಲ ಚಿಲಕ ಕೂಡ ಬಿಡದೆ ಉಜ್ಜಿಸಿದಳು. ಮೇಜರಮ್ಮ ತೋಳು ಮಡಚಿ ಬಕೆಟ್ಟು ಹೊತ್ತಳು. ಇನ್ನು ಮಷೀನು ಬೇಡವೇ ಬೇಡ ಎಂದಳು ಪಶುವೈದ್ಯೆ. ಗಂಧಕದ ನೀರು ಕೊಟ್ಟಳು, ವಾರಕ್ಕೆರಡು ಸಲ ಮೂಗಿನಿಂದ ಬಾಲದವರೆಗೆ ನೆನೆಸಿ, ತೊಳೆಯದೆ ಹಾಗೇ ಒಣಗಲು ಬಿಡಬೇಕು. ಆ ನೀರಿಗೆ ಕೊಳೆತ ಮೊಟ್ಟೆಯ ನಾತ. ಮೊದಲ ಸ್ನಾನಕ್ಕೇ ಬಿಳಿ ಹೆಡ್‌ಮಾಸ್ಟರು ಅರಿಸಿನ ಬಣ್ಣಕ್ಕೆ ತಿರುಗಿ, ತನ್ನ ಮೈಯನ್ನು ತಾನೇ ಮೂಸಿ ನೋಡಿ, ಮೇಲ್ದುಟಿ ಸುರುಳಿ ಮಾಡಿ ಆಕಾಶಕ್ಕೆ ಹಲ್ಲು ಕಿರಿದ. ಪಶುವೈದ್ಯೆ ನಕ್ಕು ನಕ್ಕು ಹುಲ್ಲಿನ ರಾಶಿಯ ಮೇಲೆ ಕೂತುಬಿಟ್ಟಳು. ಅವನು ಚರ್ಮದ ಡಾಕ್ಟರಿಗೆ ಕೈ ತೋರಿಸಿ ಮಾತ್ರೆ ಶುರು ಮಾಡಿದ. ಅಂಗಡಿಯ ಶೆಟರಿನ ಮೇಲೆ ಒಂದು ರಟ್ಟು ಅಂಟಿಸಿದ: "ಅಂಗಡಿಯವನಿಗೆ ಗಜಕರ್ಣ ಆಗಿದೆ. ಪೂರ್ತಿ ವಾಸಿಯಾದ ಮೇಲೆ ತೆರೆಯುತ್ತದೆ. ಬೇರೆ ಕಡೆ ಹೋಗಿ ಮಾಡಿಸಿಕೊಳ್ಳಿ." ಅಂಟಿಸಿ ಹಿಂದೆ ಸರಿದು ಓದಿದಾಗ, ಅಷ್ಟು ದಪ್ಪ ಅಕ್ಷರದಲ್ಲಿ ತನ್ನ ಬಗ್ಗೆ ಒಂದು ನಿಜ ಬೀದಿಯಲ್ಲಿ ನಿಂತದ್ದು ನೋಡಿ ತಲೆ ಗಿರ್ರೆಂದಿತು. ಜನ ಗುಂಪು ಕಟ್ಟಿ ಓದಿದರು. ಇಬ್ಬರು ಬೈದರು. ಒಬ್ಬ, ಯಾರೂ ನೋಡದಾಗ, ತನ್ನ ಅಂಗಿ ಎತ್ತಿ ಹೊಟ್ಟೆ ತೋರಿಸಿ, "ಇದೂ ಅದೇನಾ ನೋಡಿ ಅಣ್ಣ" ಅಂದ.

ಈಗ ಅವನಿಗೆ ದಿನವಿಡೀ ಕೆಲಸವಿಲ್ಲ, ಕುದುರೆಯೊಂದೇ ಕೆಲಸ. ಬಸ್ಸಿನಲ್ಲಿ ಬಂದ ದಿನ ಅವನ ಸುತ್ತಲಿನ ನಾಲ್ಕು ಸೀಟು ಖಾಲಿ. ಗಂಧಕದ ನಾತಕ್ಕೆ ಕಂಡಕ್ಟರನೂ ದೂರದಿಂದಲೇ ಕೈ ಚಾಚುತ್ತಿದ್ದ. ಇಡೀ ಸೀಟಿನಲ್ಲಿ ಕಾಲು ಚಾಚಿ, ರಾಜನ ಹಾಗೆ ಕೂತು, ಕಿಟಕಿಯಾಚೆ ಓಡುವ ಅಂಗಡಿಗಳನ್ನು ನೋಡುತ್ತಿದ್ದ. ಭಯ ಹೋಗಿರಲಿಲ್ಲ. ಪ್ರತಿ ಗುರುವಾರ ಬೆಳಿಗ್ಗೆ ಎಡಪಕ್ಕೆ, ಬಲಪಕ್ಕೆ, ತೊಡೆ, ಕುತ್ತಿಗೆ ಎಂದು ಬೆರಳಿನಿಂದ ತಡವುತ್ತ ಹೋಗುತ್ತಿದ್ದ. ಮೊದಲ ಗುರುವಾರ ಎರಡು ಹೊಸ ಉಂಗುರ. ಎರಡನೆಯ ಗುರುವಾರ ಒಂದು. ಮೂರನೆಯ ಗುರುವಾರ ಎಷ್ಟು ಹುಡುಕಿದರೂ ಸಿಗಲಿಲ್ಲ; ನಂಬದೆ ಮತ್ತೆ ಮೊದಲಿನಿಂದ ತಡವಿದ, ಕುದುರೆ ಬೇಸರಪಟ್ಟು ಅವನ ಟೋಪಿ ಕಿತ್ತುಕೊಂಡು ನೀರಿನ ತೊಟ್ಟಿಗೆ ಎಸೆಯಿತು. ಐದನೆಯ ವಾರ ಬೋಳು ಜಾಗದಲ್ಲಿ ಬೆರಳಿಗೆ ಏನೋ ಚುಚ್ಚಿದಂತಾಯಿತು. ಬಗ್ಗಿ ಬೆಳಕಿಗೆ ಹಿಡಿದು ನೋಡಿದ: ಕೂದಲು. ಹಾಲುಗಲ್ಲದ ಕೂಸಿನ ತಲೆಯ ಮೇಲಿರುವಂಥದು. ಜೀವಮಾನವಿಡೀ ಕೂದಲು ಕತ್ತರಿಸಿಯೇ ಬದುಕಿದವನು, ಅದು ಹುಟ್ಟುವುದನ್ನು ಅವನು ಈವರೆಗೆ ನೋಡಿಯೇ ಇರಲಿಲ್ಲ. "ಮೇಜರಮ್ಮಾ!" ಎಂದು ಕೂಗಿದ ಕೂಗಿಗೆ ಅವಳು ಏನೋ ಅನಾಹುತವಾಯಿತೆಂದು ಚಪ್ಪಲಿಯಿಲ್ಲದೆ ಓಡಿಬಂದಳು. ಬಂದು, ಕನ್ನಡಕ ಏರಿಸಿ ನೋಡಿದಳು. ಅಷ್ಟು ದಿನ ಅವನೊಡನೆ ಬೇಕಾದಷ್ಟೇ ಮಾತಾಡಿದ್ದವಳು, "ನಾನು ಆವತ್ತು ಸ್ವಲ್ಪ ಜಾಸ್ತಿನೇ ಕೂಗಾಡಿದೆ ಕಣಪ್ಪಾ" ಅಂದಳು. "ಇಲ್ಲ ಅಮ್ಮ, ಸರಿಯಾಗೇ ಇತ್ತು," ಅಂದ ಅವನು.

ಒಂಬತ್ತನೆಯ ವಾರ ಪಶುವೈದ್ಯೆಯ ಸ್ಕೂಟರ್ ಬಯಲು ದಾಟುವಾಗಲೇ ಹಾರನ್ ಹೊಡೆಯುತ್ತ ಬಂತು. ಲ್ಯಾಬಿಗೆ ಎರಡು ಸಲ ಕಳಿಸಿದ ಕೂದಲು, ಹೊಟ್ಟು, ಎರಡರಲ್ಲೂ ರೋಗದ ಬೂಸ್ಟು ಬೆಳೆದಿರಲಿಲ್ಲ. ಕಮಿಟಿಗೆ ಕಾಗದ ಬರೆದು ತಂದೇ ಇದ್ದಳು. ಚರ್ಮದ ಡಾಕ್ಟರು ಅವನನ್ನೂ ಹಿಂದಿನ ದಿನವೇ ಬಿಡುಗಡೆ ಮಾಡಿದ್ದರು. ಮುಂಗೈಯಲ್ಲಿ ಉಳಿದದ್ದು ಮಾಸಲು ಬಣ್ಣ ಮಾತ್ರ. ನಾಳೆ ಅಂಗಡಿ ತೆರೆಯಬೇಕು. ಇವತ್ತು ಹೆಡ್‌ಮಾಸ್ಟರನನ್ನು ಉಳಿದೆರಡು ಕುದುರೆಗಳ ಜೊತೆ ಬಯಲಿಗೆ ಬಿಡಬೇಕು. ಹಗ್ಗ ಅವನ ಕೈಯಲ್ಲಿತ್ತು. ಬೇಲಿಯ ಬಾಗಿಲ ಬಳಿ ಬಂದಾಗ ಬೆರಳುಗಳು ಗಂಟು ಬಿಚ್ಚಲೊಲ್ಲವು. ಹಿಂದಿನಿಂದ ಹೆಂಡತಿ ಬಂದು ಬೇಲಿಯ ಬಾಗಿಲು ತೆರೆದಳು. ಅವನು ಬಿಚ್ಚಿದ.

ಹೆಡ್‌ಮಾಸ್ಟರು ಒಂದು ಗಳಿಗೆ ಹಾಗೇ ನಿಂತ. ಆಮೇಲೆ ನೆಲ ಒದ್ದು, ಬಾಲ ಎತ್ತಿ, ಯಾವ ಹೆಡ್‌ಮಾಸ್ಟರನೂ ಓಡಬಾರದ ಹಾಗೆ ಓಡಿದ. ಬಯಲನ್ನು ಮೂರು ಸುತ್ತು ಹಾಕಿದ. ಕೊನೆಗೆ ಏದುಸಿರು ಬಿಡುತ್ತ, ಎಲ್ಲರೂ ದಪ್ಪಕ್ಕ ಎಂದು ಕರೆಯುವ ಕಂದು ಹೆಣ್ಣುಕುದುರೆಯ ಪಕ್ಕದಲ್ಲಿ ಹೋಗಿ ನಿಂತ. ಎರಡೂ ಮೂಗಿಗೆ ಮೂಗು ತಾಗಿಸಿದವು. ದಪ್ಪಕ್ಕ ಕುತ್ತಿಗೆ ಚಾಚಿ, ಅವನ ಬೆನ್ನು ಶುರುವಾಗುವಲ್ಲಿ, ಹೊಸ ಕೂದಲಿನ ಮೇಲೆ, ಹಲ್ಲಿನಿಂದ ಮೆಲ್ಲಗೆ ಕೆರೆಯತೊಡಗಿದಳು. ಕರಕರ, ಕರಕರ, ಮೇಲಿಂದ ಕೆಳಕ್ಕೆ, ಒಂದು ಸಾಲೂ ತಪ್ಪದೆ. ಹೆಡ್‌ಮಾಸ್ಟರು ಕಣ್ಣು ಮುಚ್ಚಿದ. ಅವನ ಕೆಳದುಟಿ ಜೋತುಬಿತ್ತು. ಆಮೇಲೆ ಅವನೂ ಕುತ್ತಿಗೆ ತಿರುಗಿಸಿ ಅವಳ ಬೆನ್ನು ಕೆರೆಯತೊಡಗಿದ. ಈ ಕಡೆ ಯಾರೂ ತಿರುಗಿ ನೋಡಲಿಲ್ಲ.

ಇನ್ನು ನಾನು ಬೇಕಾಗಿಲ್ಲ ಎಂದು ಅವನಿಗೆ ಗೊತ್ತಾಯಿತು. ಇಷ್ಟು ತಿಂಗಳು ಹೆದರಿ ಹೆದರಿ ದೂಡಿದ ಗಳಿಗೆ ಇದೇ, ಬಂದೇಬಿಟ್ಟಿತು, ಇನ್ನೇನು ಎದೆ ಒಡೆಯುತ್ತದೆ ಎಂದು ಬೇಲಿ ಹಿಡಿದು ಕಾದ. ಒಡೆಯಲಿಲ್ಲ. ಬದಲಿಗೆ ತಲೆ ಹಗುರವಾಗಿ, ಆಕಾಶ ಬಯಲು ಬೇಲಿ ಎಲ್ಲ ಒಂದು ಸುತ್ತು ತಿರುಗಿ, ಅವನು ನಗುತ್ತ ಹುಲ್ಲಿನ ಮೇಲೆ ಕುಸಿದು ಕೂತ.

"ಏನ್ರೀ, ತಲೆ ತಿರುಗ್ತಾ?" ಹೆಂಡತಿ ಬಗ್ಗಿದಳು.

"ಹೂಂ."

"ನೀರು ತರ್ಲಾ?"

"ಬೇಡ. ಕೂತ್ಕೋ. ನೋಡು ಅವಳ ಕೈಚಳಕ. ನಂಗೂ ಇಷ್ಟು ಚೆನ್ನಾಗಿ ಬರಲ್ಲ."

ಅವಳು ಪಕ್ಕದಲ್ಲಿ ಕೂತಳು. ಎರಡು ಕುದುರೆಗಳು ಒಂದರ ಬೆನ್ನನ್ನು ಇನ್ನೊಂದು ಕೆರೆಯುತ್ತ, ಬಿಸಿಲಿನಲ್ಲಿ, ಬಹಳ ಹೊತ್ತು ನಿಂತಿದ್ದವು.